ಐವತ್ತೊಂದನೇ ಚಿತ್ರದಾಚೆಯ ರೊಸಾಲಿಂಡ್

ನಮ್ಮ ಬಯೋಟೆಕ್ನಾಲಜಿ ಪಠ್ಯಪುಸ್ತಕದಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಡಿಎನ್‌ಎಯ ಎಕ್ಸ್‌ರೇ ಚಿತ್ರ ತೆಗೆದವರು, ಅಷ್ಟೇ. ಪರೀಕ್ಷೆಯ ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು ಕೂಡ. ಮೊಬೈಲ್‌ನಲ್ಲಿ ಹುಡುಕಿದರೆ ಇನ್ನೊಬ್ಬ ರೊಸಾಲಿಂಡ್ ಸಿಗುತ್ತಾರೆ. ಗಂಡಸರೆಲ್ಲ ಸೇರಿ ನೊಬೆಲ್ ಕಿತ್ತುಕೊಂಡ ಪಾಪದ ಹೆಣ್ಣುಮಗಳು. ಇವೆರಡರಲ್ಲೂ ಅವರು ಮಾಡಿದ ಕೆಲಸ ಎಷ್ಟು ದೊಡ್ಡದು ಎಂಬುದು ಕಾಣುವುದೇ ಇಲ್ಲ. ಹಾಗಾಗಿ ನನಗೆ ತಿಳಿದಷ್ಟನ್ನು ಬರೆಯೋಣ ಅನ್ನಿಸಿತು.

ನಾನು ಅವರ ಹಿಂದೆ ಬಿದ್ದದ್ದಕ್ಕೆ ಕಾರಣ ನಮ್ಮ ಮಿನಿ ಪ್ರಾಜೆಕ್ಟ್. ವರುಣಾ ನಾಲೆ ಬಯಲಿನ ಗದ್ದೆಯೊಂದರ ಮಣ್ಣಿನಿಂದ ನಾವು ನಾಲ್ವರು ಒಂದು ಬ್ಯಾಕ್ಟೀರಿಯಾ ಬೆಳೆಸಿದ್ದೆವು. ಅದು ಯಾವುದು ಎಂದು ಗುರುತಿಸಬೇಕಿತ್ತು. ಅದರ 16ಎಸ್ ಜೀನನ್ನು ಪಿಸಿಆರ್ ಮಾಡಿ, ಪುಟ್ಟ ಟ್ಯೂಬಿಗೆ ಹಾಕಿ, ಐಸ್ ಪ್ಯಾಕ್ ನಡುವೆ ಇಟ್ಟು ಬೆಂಗಳೂರಿನ ಸೀಕ್ವೆನ್ಸಿಂಗ್ ಲ್ಯಾಬ್ ಒಂದಕ್ಕೆ ಕೊರಿಯರ್ ಮಾಡಿದೆವು. ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯಗಳ ಎಷ್ಟೋ ವಿಭಾಗಗಳಲ್ಲಿ ನಡೆಯುವುದು ಹೀಗೆಯೇ. ಸೀಕ್ವೆನ್ಸರ್ ಯಂತ್ರ ಕೊಂಡು, ಅದನ್ನು ವರ್ಷವಿಡೀ ನಡೆಸುವುದು ಎಲ್ಲರ ಕೈಲಾಗದ ಮಾತು. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಜೊತೆಗೇ 2009ರಲ್ಲಿ ಶುರುವಾದ ಸಿ-ಕ್ಯಾಂಪ್ ಸಂಸ್ಥೆ ಇಂಥ ಸೌಲಭ್ಯಗಳನ್ನು ಹೊರಗಿನ ಸಂಶೋಧಕರಿಗೂ ಕೊಡುತ್ತದೆ. ಖಾಸಗಿ ಕಂಪನಿಗಳೂ ಇವೆ. ಟ್ಯೂಬಿನ ಮೇಲೆ ನಂಬರ್ ಬರೆದು ಕಳಿಸಿದರೆ ಕೆಲವು ದಿನಗಳಲ್ಲಿ ಇಮೇಲ್‌ಗೆ ಫೈಲ್ ಬರುತ್ತದೆ.

ನಮಗೂ ಎರಡು ಫೈಲ್ ಬಂದವು. ತೆರೆದರೆ ಹಸಿರು, ನೀಲಿ, ಕಪ್ಪು, ಕೆಂಪು ಬೆಟ್ಟಗಳ ಸಾಲು. ಹಸಿರು ಎ, ನೀಲಿ ಸಿ, ಕಪ್ಪು ಜಿ, ಕೆಂಪು ಟಿ. ಈ ಜೀನಿನ ಉದ್ದ ಸುಮಾರು 1500 ಅಕ್ಷರ. ಸ್ಯಾಂಗರ್ ವಿಧಾನದಲ್ಲಿ ಒಂದೇ ಸಲಕ್ಕೆ ಅಷ್ಟೂ ಸ್ಪಷ್ಟವಾಗಿ ಓದಲು ಬರುವುದಿಲ್ಲವಾದ್ದರಿಂದ ಒಂದು ಫೈಲ್ ಈ ತುದಿಯಿಂದ ಓದಿದ್ದು, ಇನ್ನೊಂದು ಆ ತುದಿಯಿಂದ ಓದಿದ್ದು. ತಮಾಷೆ ಏನೆಂದರೆ ಎರಡನ್ನೂ ಸುಮ್ಮನೆ ಪಕ್ಕಪಕ್ಕ ಇಟ್ಟರೆ ಹೊಂದುವುದಿಲ್ಲ. ಎರಡನೆಯದನ್ನು ಹಿಂದುಮುಂದು ಮಾಡಿ, ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ ಹಾಕಿದಾಗ ಮಾತ್ರ ನಡುವಿನ ಭಾಗ ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ಏಕೆಂದರೆ ಡಿಎನ್‌ಎಯ ಎರಡು ಎಳೆಗಳು ಎದುರುಬದುರು ದಿಕ್ಕಿಗೆ ಓಡುತ್ತವೆ. ಒಂದು ಎಳೆ ಮೈಸೂರಿನಿಂದ ಬೆಂಗಳೂರಿಗೆ, ಇನ್ನೊಂದು ಬೆಂಗಳೂರಿನಿಂದ ಮೈಸೂರಿಗೆ ಅಂದುಕೊಳ್ಳಿ. ಇದನ್ನು ಮೊದಲು ಕಂಡುಕೊಂಡದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ದಾರಿ 1952ರ ಒಂದು ವರದಿಯಲ್ಲಿರುವ ಅಳತೆಗಳಿಗೆ ಹೋಗಿ ನಿಲ್ಲುತ್ತದೆ. ಆ ಅಳತೆಗಳು ರೊಸಾಲಿಂಡ್ ಅವರವು.

ಅವರು ಹುಟ್ಟಿದ್ದು 1920ರ ಜುಲೈ 25ರಂದು, ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ. ಉಳ್ಳವರ ಯಹೂದಿ ಕುಟುಂಬ. ತಂದೆ ಎಲಿಸ್ ಫ್ರಾಂಕ್ಲಿನ್ ಬ್ಯಾಂಕಿನವರು; ಸಂಜೆ ಹೊತ್ತು ಕಾರ್ಮಿಕರ ಕಾಲೇಜೊಂದರಲ್ಲಿ ಪಾಠವನ್ನೂ ಮಾಡುತ್ತಿದ್ದರು. ತಾಯಿ ಮ್ಯೂರಿಯಲ್. ಐದು ಮಕ್ಕಳಲ್ಲಿ ರೊಸಾಲಿಂಡ್ ಎರಡನೆಯವರು. ಹಿಟ್ಲರನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಯಹೂದಿ ಮಕ್ಕಳಿಗೆ ಆಸರೆ ಹುಡುಕುವ ಕೆಲಸದಲ್ಲಿ ಇಡೀ ಮನೆಯೇ ತೊಡಗಿತ್ತು. ಓದಿದ್ದು ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ. ಆ ಕಾಲಕ್ಕೆ ಹುಡುಗಿಯರಿಗೆ ಭೌತವಿಜ್ಞಾನ, ರಸಾಯನವಿಜ್ಞಾನ ಎರಡನ್ನೂ ಸರಿಯಾಗಿ ಕಲಿಸುತ್ತಿದ್ದ ಕೆಲವೇ ಶಾಲೆಗಳಲ್ಲಿ ಅದೊಂದು.

1938ರಲ್ಲಿ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿಗೆ ಸೇರಿದರು. 1941ರಲ್ಲಿ ಓದು ಮುಗಿಯಿತು. ಆದರೆ ಸಿಕ್ಕಿದ್ದು ಹೆಸರಿಗೆ ಮಾತ್ರ ಪದವಿ. ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡಲು ಕೇಂಬ್ರಿಜ್ 1948ರವರೆಗೂ ಮನಸ್ಸು ಮಾಡಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಮೈಸೂರಿನ ಮಹಾರಾಣಿ ಕಾಲೇಜಿನ ಹುಡುಗಿಯರು ಪದವಿ ಪಡೆದು ಎಷ್ಟೋ ವರ್ಷಗಳಾಗಿದ್ದವು. ಇಂಗ್ಲೆಂಡ್ ಎಂದರೆ ಎಲ್ಲದರಲ್ಲೂ ಮುಂದು ಅಂದುಕೊಳ್ಳುವವರು ಇದನ್ನೊಮ್ಮೆ ನೆನೆಯಬಹುದು.

ಯುದ್ಧದ ಸಮಯ. ರೊಸಾಲಿಂಡ್ ಸೇರಿದ್ದು ಕಲ್ಲಿದ್ದಲು ಬಳಕೆಯ ಬಗ್ಗೆ ಸಂಶೋಧನೆ ನಡೆಸುವ ಸಂಸ್ಥೆಗೆ. ಹಗಲು ಲ್ಯಾಬ್, ರಾತ್ರಿ ವಿಮಾನದಾಳಿಯ ಎಚ್ಚರಿಕೆ ನೀಡುವ ಸ್ವಯಂಸೇವೆ. ಕಲ್ಲಿದ್ದಲಿನೊಳಗಿನ ಕಣ್ಣಿಗೆ ಕಾಣದ ರಂಧ್ರಗಳನ್ನು ಹೀಲಿಯಂ ಅನಿಲ ತುಂಬಿಸಿ ಅಳೆದರು. ಬಿಸಿ ಮಾಡಿದಂತೆ ಆ ರಂಧ್ರಗಳು ಕಿರಿದಾಗುತ್ತಾ ಹೋಗಿ, ದೊಡ್ಡ ಅಣುಗಳನ್ನು ಹೊರಗೇ ತಡೆದು ಸಣ್ಣವನ್ನು ಮಾತ್ರ ಒಳಗೆ ಬಿಡುತ್ತವೆ ಎಂದು ತೋರಿಸಿದರು. ಅಡುಗೆಮನೆಯ ಜರಡಿಯ ಹಾಗೆ. ಇದರ ಮೇಲೆಯೇ 1945ರಲ್ಲಿ ಪಿಎಚ್‌ಡಿ.

1947ರಲ್ಲಿ ಪ್ಯಾರಿಸ್‌ಗೆ ಹೋದರು. ಅವರ ಜೀವನದ ಅತ್ಯಂತ ಖುಷಿಯ ವರ್ಷಗಳು ಅವು ಎಂದು ಅವರ ಬಗ್ಗೆ ಬರೆದವರೆಲ್ಲ ಒಪ್ಪುತ್ತಾರೆ. ಫ್ರೆಂಚ್ ಚೆನ್ನಾಗಿ ಬರುತ್ತಿತ್ತು. ಮಧ್ಯಾಹ್ನದ ಊಟದ ಮೇಜಿನಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲರೂ ಕೂತು ಜೋರು ಜೋರಾಗಿ ವಾದ ಮಾಡುವುದು ಅಲ್ಲಿನ ರೂಢಿ. ರಜೆಯಲ್ಲಿ ಬೆಟ್ಟ ಹತ್ತುವುದು, ಗೆಳೆಯರಿಗೆ ಅಡುಗೆ ಮಾಡಿ ಬಡಿಸುವುದು. ಜಾಕ್ ಮೆರಿಂಗ್ ಅವರ ಲ್ಯಾಬ್‌ನಲ್ಲಿ ಎಕ್ಸ್‌ರೇ ಹಾಯಿಸಿ ವಸ್ತುವಿನ ಒಳಗಿನ ಜೋಡಣೆ ತಿಳಿಯುವ ವಿದ್ಯೆ ಕಲಿತದ್ದು ಇಲ್ಲಿಯೇ. ಕೆಲವು ಬಗೆಯ ಇಂಗಾಲ ಎಷ್ಟು ಕಾಯಿಸಿದರೂ ಗ್ರಾಫೈಟ್ ಆಗುವುದಿಲ್ಲ, ಕೆಲವು ಸುಲಭವಾಗಿ ಆಗುತ್ತವೆ ಎಂದು ವಿಂಗಡಿಸಿ 1951ರಲ್ಲಿ ಪ್ರಬಂಧ ಪ್ರಕಟಿಸಿದರು. ಬ್ಯಾಟರಿ ಬಗ್ಗೆ ಸೆಮಿನಾರ್ ಮಾಡುತ್ತಿದ್ದ ನಮ್ಮ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದ ಗೆಳೆಯನಿಗೆ ಈ ಪ್ರಬಂಧದ ಹೆಸರು ಎದುರಾಗಿತ್ತು. ಸೋಡಿಯಂ ಅಯಾನ್ ಬ್ಯಾಟರಿಯಲ್ಲಿ ಬಳಸುವ ಹಾರ್ಡ್ ಕಾರ್ಬನ್ ಎಂಬುದು ರೊಸಾಲಿಂಡ್ ವಿಂಗಡಿಸಿದ ಗ್ರಾಫೈಟ್ ಆಗದ ಗುಂಪಿನದೇ. ಆ ರೊಸಾಲಿಂಡ್, ನಮ್ಮ ಡಿಎನ್‌ಎ ರೊಸಾಲಿಂಡ್ ಒಬ್ಬರೇ ಎಂದರೆ ಅವನು ನಂಬಲಿಲ್ಲ.

1951ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಎಲ್ಲರಿಗೂ ಗೊತ್ತಿರುವ ಕಥೆ ಇಲ್ಲಿಂದ. ಮೊದಲ ಹೆಜ್ಜೆಯಲ್ಲೇ ಎಡವಟ್ಟಾಯಿತು. ಮುಖ್ಯಸ್ಥರಾಗಿದ್ದ ಜಾನ್ ರಾಂಡಲ್, ಡಿಎನ್‌ಎಯ ಎಕ್ಸ್‌ರೇ ಕೆಲಸ ಪೂರ್ತಿ ನಿಮ್ಮದೇ ಎನ್ನುವ ಅರ್ಥ ಬರುವ ಪತ್ರವನ್ನು ರೊಸಾಲಿಂಡ್‌ಗೆ ಬರೆದಿದ್ದರು. ಅಷ್ಟರಲ್ಲಾಗಲೇ ಅದೇ ಕೆಲಸದಲ್ಲಿದ್ದ ಮೌರಿಸ್ ವಿಲ್ಕಿನ್ಸ್ ಅವರಿಗೆ ಈ ವಿಷಯ ತಿಳಿಸಿರಲಿಲ್ಲ. ಹೊಸಬರು ತಮ್ಮ ಕೆಲಸಕ್ಕೆ ನೆರವಾಗಲು ಬಂದಿದ್ದಾರೆ ಎಂದು ವಿಲ್ಕಿನ್ಸ್, ಇದು ನನ್ನ ಸ್ವತಂತ್ರ ಕೆಲಸ ಎಂದು ರೊಸಾಲಿಂಡ್. ಒಬ್ಬರು ಮೆತ್ತಗಿನ ಸ್ವಭಾವದವರು, ಇನ್ನೊಬ್ಬರು ಮುಖಕ್ಕೆ ಹೊಡೆದಂತೆ ವಾದಿಸುವವರು. ಇಬ್ಬರ ನಡುವೆ ಮಾತೇ ನಿಂತುಹೋಯಿತು. ಗಂಡಸರಿಗಷ್ಟೇ ಮೀಸಲಾದ ಊಟದ ಕೋಣೆಯೂ ಆ ಕಾಲೇಜಿನಲ್ಲಿತ್ತು. ಆದರೆ ರಾಂಡಲ್ ಅವರ ವಿಭಾಗದಲ್ಲಿ ಬೇರೆ ಹಲವು ಹೆಂಗಸರೂ ಕೆಲಸ ಮಾಡುತ್ತಿದ್ದರು ಎಂಬುದನ್ನೂ ಹೇಳಬೇಕು. ನನಗನ್ನಿಸುವಂತೆ ಇಲ್ಲಿ ಹೆಚ್ಚಿನ ಹಾನಿ ಮಾಡಿದ್ದು ಆ ಒಂದು ಪತ್ರ.

ಇಬ್ಬರ ನಡುವೆ ಸಿಕ್ಕಿಕೊಂಡವರು ಸಂಶೋಧನಾ ವಿದ್ಯಾರ್ಥಿ ರೇಮಂಡ್ ಗೋಸ್ಲಿಂಗ್. ರೊಸಾಲಿಂಡ್ ಮತ್ತು ಗೋಸ್ಲಿಂಗ್ ಮಾಡಿದ ಮೊದಲ ದೊಡ್ಡ ಕೆಲಸ ತೇವಾಂಶವನ್ನು ಹತೋಟಿಗೆ ತಂದದ್ದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರುಡಾಲ್ಫ್ ಸಿಗ್ನರ್ ಎಂಬ ವಿಜ್ಞಾನಿ ಕೊಟ್ಟಿದ್ದ ಬಹಳ ಶುದ್ಧವಾದ ಡಿಎನ್‌ಎ ಅವರ ಬಳಿ ಇತ್ತು. ಅಂಟಿನಂಥ ಅದನ್ನು ಎಳೆದರೆ ಕೂದಲಿಗಿಂತ ತೆಳ್ಳಗಿನ ನೂಲು ಬರುತ್ತದೆ. ಉಪ್ಪಿನ ದ್ರಾವಣಗಳ ಮೂಲಕ ಹಾಯಿಸಿದ ಹೈಡ್ರೋಜನ್ ಅನಿಲವನ್ನು ಕ್ಯಾಮೆರಾದೊಳಗೆ ಬಿಟ್ಟು ಆ ನೂಲಿನ ತೇವವನ್ನು ಬೇಕಾದಷ್ಟಕ್ಕೆ ನಿಲ್ಲಿಸಿದರು. ಆಗ ಗೊತ್ತಾಯಿತು: ಶೇ 75ರ ಆಸುಪಾಸಿನ ತೇವದಲ್ಲಿ ಡಿಎನ್‌ಎ ಒಂದು ರೂಪದಲ್ಲಿರುತ್ತದೆ, ಶೇ 92 ದಾಟಿದರೆ ನೀರು ಹೀರಿ, ಉದ್ದವಾಗಿ ಇನ್ನೊಂದು ರೂಪ ತಾಳುತ್ತದೆ. ಮೊದಲನೆಯದು ಎ, ಎರಡನೆಯದು ಬಿ. ಅಲ್ಲಿಯವರೆಗೆ ತೆಗೆದ ಚಿತ್ರಗಳಲ್ಲಿ ಎರಡೂ ಕಲಸಿಹೋಗಿದ್ದರಿಂದ ಯಾರಿಗೂ ತಲೆಬುಡ ತಿಳಿದಿರಲಿಲ್ಲ. ನೀರು ಅಷ್ಟು ಸಲೀಸಾಗಿ ಒಳಹೊರಗೆ ಹೋಗುತ್ತದೆಂದರೆ ಫಾಸ್ಫೇಟ್ ಭಾಗ ಹೊರಮೈಯಲ್ಲೇ ಇರಬೇಕು ಎಂದೂ ಅವರು ತರ್ಕಿಸಿದರು. 1951ರ ನವೆಂಬರ್‌ನ ಅವರ ಉಪನ್ಯಾಸ ಕೇಳಲು ಕೇಂಬ್ರಿಜ್‌ನಿಂದ ಬಂದಿದ್ದ ಜೇಮ್ಸ್ ವಾಟ್ಸನ್ ಒಂದಕ್ಷರ ಬರೆದುಕೊಳ್ಳದೆ ಹೋಗಿ, ಫ್ರಾನ್ಸಿಸ್ ಕ್ರಿಕ್ ಜೊತೆ ಸೇರಿ ಫಾಸ್ಫೇಟ್ ಒಳಗಿರುವ ಮೂರೆಳೆಯ ಮಾದರಿ ಕಟ್ಟಿದರು. ಅದನ್ನು ನೋಡಲು ಕರೆಸಿದಾಗ ರೊಸಾಲಿಂಡ್ ನಿಂತಲ್ಲೇ ತಪ್ಪು ಎತ್ತಿ ತೋರಿಸಿದರು.

1952ರ ಮೇ ತಿಂಗಳಲ್ಲಿ, ಅವರ ಮೇಲ್ವಿಚಾರಣೆಯಲ್ಲಿ ಗೋಸ್ಲಿಂಗ್ ತೆಗೆದ ಬಿ ರೂಪದ ಚಿತ್ರವೇ ಐವತ್ತೊಂದನೇ ನಂಬರಿನದು. ಒಂದು ಚಿತ್ರಕ್ಕೆ 60 ಗಂಟೆಗೂ ಹೆಚ್ಚು ಕಾಲ ಎಕ್ಸ್‌ರೇ ಹಾಯಿಸಬೇಕಿತ್ತು. ನಮ್ಮ ಪುಸ್ತಕದಲ್ಲಿ ಅಂಚೆಚೀಟಿ ಗಾತ್ರದಲ್ಲಿ ಅಚ್ಚಾಗಿರುವ ಅದನ್ನು ಗಮನವಿಟ್ಟು ನೋಡಿ. ನಡುವಿನ ಗುಣಿಸು ಚಿಹ್ನೆಯಂಥ ಆಕಾರ ಸುರುಳಿಯ ಗುರುತು. ಮೇಲೆ ಕೆಳಗೆ ಇರುವ ಕಪ್ಪು ಪಟ್ಟಿಗಳಿಂದ, ಅಕ್ಷರಗಳು 3.4 ಆಂಗ್‌ಸ್ಟ್ರಾಮ್ ಅಂತರದಲ್ಲಿ ಒಂದರ ಮೇಲೊಂದು ಪೇರಿಸಿವೆ ಎಂದು ತಿಳಿಯುತ್ತದೆ. 34 ಆಂಗ್‌ಸ್ಟ್ರಾಮ್‌ಗೆ ಒಂದು ಸುತ್ತು. ಅಂದರೆ ಸುತ್ತಿಗೆ ಹತ್ತು ಜೋಡಿ.

ಇಲ್ಲಿ ರೊಸಾಲಿಂಡ್ ಮಾಡಿದ ಒಂದು ಆಯ್ಕೆ ನನಗೆ ಬಹಳ ದಿನ ಕಾಡಿತು. ಆ ಚಿತ್ರವನ್ನು ಅವರು ಬದಿಗಿಟ್ಟರು. ಎ ರೂಪದ ಚಿತ್ರಗಳಲ್ಲಿ ಚುಕ್ಕೆಗಳು ಹೆಚ್ಚು, ಅಳೆಯಲು ಸಿಗುವ ಮಾಹಿತಿ ಹೆಚ್ಚು. ಹಾಗಾಗಿ ಮೊದಲು ಅದನ್ನೇ ಲೆಕ್ಕ ಹಾಕಿ ಮುಗಿಸೋಣ ಎಂದು ತಿಂಗಳುಗಟ್ಟಲೆ ಕೂತರು. ಎ ರೂಪ ಸುರುಳಿಯೇ ಅಲ್ಲವೇನೋ ಎಂಬ ಅನುಮಾನವೂ ಅವರಿಗೆ ಬಂದಿತ್ತು. ಆ ವರ್ಷದ ಜುಲೈನಲ್ಲಿ, ಸುರುಳಿ ತೀರಿಕೊಂಡಿತೆಂದು ಕಪ್ಪು ಅಂಚಿನ ಕಾರ್ಡ್ ಬರೆದು ತಮಾಷೆ ಮಾಡಿದ್ದರು. ಮಾದರಿ ಕಟ್ಟಿ ಊಹಿಸುವುದಕ್ಕಿಂತ ಲೆಕ್ಕ ಹಾಕಿ ತಲುಪುವುದು ಅವರ ದಾರಿ. ಇದನ್ನು ಹಟ ಎನ್ನುವವರಿದ್ದಾರೆ. ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿಗೆ, ಹೆಚ್ಚು ಡೇಟಾ ಇರುವ ಕಡೆ ಹೋಗುವುದು ಸಹಜ ಎಂದೇ ಕಾಣುತ್ತದೆ.

ಆ ಲೆಕ್ಕದಿಂದಲೇ ಬಂದದ್ದು ನಾನು ಮೊದಲು ಹೇಳಿದ ಅಳತೆ. ಎ ರೂಪದ ಹರಳಿಗೆ ಸಿ2 ಎಂಬ ಬಗೆಯ ಸಮಮಿತಿ ಇದೆ ಎಂದು ರೊಸಾಲಿಂಡ್ ಗುರುತಿಸಿದರು. 1952ರ ಡಿಸೆಂಬರ್‌ನಲ್ಲಿ ಕಿಂಗ್ಸ್ ಕಾಲೇಜಿನ ವಿಭಾಗ ತನ್ನ ಕೆಲಸದ ವರದಿಯನ್ನು ವೈದ್ಯಕೀಯ ಸಂಶೋಧನಾ ಮಂಡಳಿಗೆ ಕೊಟ್ಟಾಗ ಅದರಲ್ಲಿ ಈ ಅಂಕಿಗಳಿದ್ದವು. ಮಂಡಳಿಯ ಸಮಿತಿಯಲ್ಲಿದ್ದ ಮ್ಯಾಕ್ಸ್ ಪೆರುಟ್ಜ್ ಕೈಯಿಂದ ವರದಿ ಕ್ರಿಕ್ ಕೈಗೆ ಹೋಯಿತು. ಕುದುರೆಯ ಹಿಮೋಗ್ಲೋಬಿನ್ ಹರಳಿನಲ್ಲಿ ಅದೇ ಸಮಮಿತಿಯನ್ನು ದಿನವೂ ನೋಡುತ್ತಿದ್ದ ಕ್ರಿಕ್‌ಗೆ ಎರಡೆಳೆಗಳು ವಿರುದ್ಧ ದಿಕ್ಕಿನವು ಎಂದು ಹೊಳೆಯಿತು. ಇತ್ತ 1953ರ ಜನವರಿ ಕೊನೆಯಲ್ಲಿ ವಿಲ್ಕಿನ್ಸ್ ಐವತ್ತೊಂದನೇ ಚಿತ್ರವನ್ನು ವಾಟ್ಸನ್‌ಗೆ ತೋರಿಸಿದ್ದರು. ಆ ಹೊತ್ತಿಗೆ ಗೋಸ್ಲಿಂಗ್ ಮತ್ತೆ ವಿಲ್ಕಿನ್ಸ್ ಕೈಕೆಳಗೆ ಬರುತ್ತಿದ್ದುದರಿಂದ ಚಿತ್ರ ಅವರ ಬಳಿ ಇದ್ದದ್ದು ಕಳ್ಳತನವೇನೂ ಅಲ್ಲ. ವರದಿಯೂ ಗುಟ್ಟಿನದಾಗಿರಲಿಲ್ಲ. ಆದರೆ ಇವನ್ನು ಅಳೆದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾವು ಟ್ಯೂಬ್ ಕಳಿಸಿ ಡೇಟಾ ಪಡೆಯುವಾಗ, ಅದು ಯಾರದು, ಯಾರಿಗೆ ತೋರಿಸಬಹುದು ಎಂದು ಅರ್ಜಿಯಲ್ಲಿ ಟಿಕ್ ಹಾಕಿಸಿಕೊಳ್ಳುತ್ತಾರಲ್ಲ, ಆ ಪುಟವನ್ನು ನಾನೀಗ ಓದದೆ ತಿರುಗಿಸುವುದಿಲ್ಲ.

1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಮೂರು ಪ್ರಬಂಧಗಳು ಒಟ್ಟಿಗೆ ಬಂದವು. ಮೊದಲು ವಾಟ್ಸನ್–ಕ್ರಿಕ್, ನಂತರ ವಿಲ್ಕಿನ್ಸ್ ಮತ್ತು ಸಂಗಡಿಗರು, ಕೊನೆಗೆ ಫ್ರಾಂಕ್ಲಿನ್–ಗೋಸ್ಲಿಂಗ್. ಆ ಕ್ರಮದಿಂದ ರೊಸಾಲಿಂಡ್ ಕೆಲಸ ಬೇರೆಯವರ ಮಾದರಿಗೆ ಪುರಾವೆ ಒದಗಿಸಿದಂತೆ ಕಂಡಿತು. ಮಾದರಿಯ ಸುದ್ದಿ ತಲುಪುವ ಮೊದಲೇ, ಮಾರ್ಚ್ 17ರ ದಿನಾಂಕವಿರುವ ಅವರ ಕರಡಿನಲ್ಲಿ ಬಿ ರೂಪ ಎರಡೆಳೆಯ ಸುರುಳಿ ಎಂದು ಬರೆದಿತ್ತು. ಎ–ಟಿ, ಜಿ–ಸಿ ಜೋಡಿಯಾಗುವ ಕೊನೆಯ ಹೆಜ್ಜೆ ಮಾತ್ರ ಉಳಿದಿತ್ತು. ಅದು ವಾಟ್ಸನ್–ಕ್ರಿಕ್ ಅವರದೇ, ಅದರಲ್ಲಿ ಅನುಮಾನವಿಲ್ಲ.

ಅಂದಹಾಗೆ, ನೂಲಿನ ಚಿತ್ರದಿಂದ ಒಂದೊಂದು ಪರಮಾಣುವನ್ನೂ ಕಾಣಲು ಆಗುವುದಿಲ್ಲ. ಅದಕ್ಕೆ ನಿಜವಾದ ಹರಳು ಬೇಕು. 1978ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ, ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮತ್ತು ಸಂಗಡಿಗರು ಎ–ಟಿ–ಎ–ಟಿ ಎಂಬ ನಾಲ್ಕೇ ಅಕ್ಷರಗಳ ಡಿಎನ್‌ಎ ತುಣುಕನ್ನು ಹರಳಾಗಿಸಿ, ಜೋಡಿಯಾದ ಅಕ್ಷರಗಳನ್ನು ಪರಮಾಣು ಮಟ್ಟದಲ್ಲಿ ತೋರಿಸಿದರು. ಅದೂ ನೇಚರ್‌ನಲ್ಲೇ ಬಂತು, ಆ ಮೂರು ಪ್ರಬಂಧಗಳಾಗಿ 25 ವರ್ಷಕ್ಕೆ. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ರೊಸಾಲಿಂಡ್ ಆಗಲೇ ಕಿಂಗ್ಸ್ ಬಿಟ್ಟು ಬರ್ಕ್‌ಬೆಕ್ ಕಾಲೇಜಿಗೆ ಹೊರಟಿದ್ದರು. ಡಿಎನ್‌ಎ ಬಗ್ಗೆ ಇನ್ನು ಯೋಚಿಸುವುದನ್ನೂ ನಿಲ್ಲಿಸಬೇಕೆಂದು ರಾಂಡಲ್ ಪತ್ರ ಬರೆದರಂತೆ. ಯೋಚನೆಗೂ ಬೀಗ ಹಾಕಬಹುದು ಅಂದುಕೊಂಡಿದ್ದರೇನೋ! ಹೊಸ ಜಾಗ ಹಳೆಯ ಮನೆ, ಸೋರುವ ಮಾಡು. ಆದರೆ ಮುಖ್ಯಸ್ಥ ಬರ್ನಾಲ್ ಕೆಲಸಕ್ಕೆ ಅಡ್ಡ ಬರುವವರಲ್ಲ. ಇಲ್ಲಿ ಹಿಡಿದದ್ದು ತಂಬಾಕಿನ ಎಲೆಗೆ ಬರುವ ಮೊಸಾಯಿಕ್ ರೋಗದ ವೈರಸ್. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವ ರೈತರಿಗೆ ಇದು ಗೊತ್ತಿರುವ ರೋಗವೇ. ಆ ವೈರಸ್ 300 ನ್ಯಾನೋಮೀಟರ್ ಉದ್ದದ ಕಡ್ಡಿ. ಸಾವಿರಾರು ಒಂದೇ ಬಗೆಯ ಪ್ರೋಟೀನುಗಳು ಸುರುಳಿಯಾಗಿ ಜೋಡಿಸಿಕೊಂಡು ಅದು ಆಗಿದೆ, ಒಳಗೆ ಟೊಳ್ಳು. ಅದರ ಆರ್‌ಎನ್‌ಎ ಟೊಳ್ಳಿನಲ್ಲಿ ಸಡಿಲವಾಗಿ ಬಿದ್ದಿಲ್ಲ, ಪ್ರೋಟೀನುಗಳ ನಡುವೆಯೇ ಸುರುಳಿಯಾಗಿ ಹುದುಗಿದೆ ಎಂದು ರೊಸಾಲಿಂಡ್ ತಂಡ ತೋರಿಸಿತು. ಆರನ್ ಕ್ಲುಗ್, ಕೆನ್ ಹೋಮ್ಸ್, ಜಾನ್ ಫಿಂಚ್ ಎಂಬ ಕಿರಿಯರು ಆ ತಂಡದಲ್ಲಿದ್ದರು. ಐದು ವರ್ಷ, ಒಂದರ ಹಿಂದೊಂದು ಪ್ರಬಂಧ. ವೈರಸ್ಸಿನ ರಚನೆಯನ್ನು ಓದುವ ವಿಜ್ಞಾನಕ್ಕೆ ಇಲ್ಲಿ ಗಟ್ಟಿ ತಳಪಾಯ ಬಿತ್ತು. ಕೋವಿಡ್ ಸಮಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಲ್ಯಾಬ್‌ಗಳು ರೂಪಾಂತರಿ ಹುಡುಕಲು ಓದುತ್ತಿದ್ದದ್ದೂ ಒಂದು ಆರ್‌ಎನ್‌ಎ ವೈರಸ್ಸಿನ ಸುಮಾರು 30 ಸಾವಿರ ಅಕ್ಷರಗಳನ್ನೇ.

1956ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದಾಗ ಹೊಟ್ಟೆ ಊದಿಕೊಂಡು ಲಂಗದ ಜಿಪ್ ಹಾಕಲಾಗದಂತಾಯಿತು. ವಾಪಸ್ ಬಂದು ತೋರಿಸಿದರೆ ಅಂಡಾಶಯದ ಕ್ಯಾನ್ಸರ್. ಆಗ ಅವರಿಗೆ 36. ಶಸ್ತ್ರಚಿಕಿತ್ಸೆಯ ನಂತರ ಸುಧಾರಿಸಿಕೊಳ್ಳಲು ಕೆಲ ದಿನ ಇದ್ದದ್ದು ಕ್ರಿಕ್ ದಂಪತಿಯ ಮನೆಯಲ್ಲಿ. ಹೌದು, ಅದೇ ಕ್ರಿಕ್. ಅವರಿಬ್ಬರೂ ಒಳ್ಳೆಯ ಸ್ನೇಹಿತರಾಗಿದ್ದರು. ತಮ್ಮ ಡೇಟಾ ಎಷ್ಟು ಬಳಕೆಯಾಗಿತ್ತು ಎಂಬುದು ಪೂರ್ತಿ ತಿಳಿಯದೆಯೇ ರೊಸಾಲಿಂಡ್ ತೀರಿಕೊಂಡರು ಎಂದು ಹೆಚ್ಚಿನ ಲೇಖಕರ ಅಭಿಪ್ರಾಯ.

ಈ ಭಾಗವನ್ನು ನಾನು ದೂರದಿಂದ ಓದಲಾರೆ. ನನ್ನ ದೊಡ್ಡಮ್ಮನಿಗೆ ಅದೇ ಕ್ಯಾನ್ಸರ್. ಎರಡು ವರ್ಷದ ಹಿಂದೆ ಡಾಕ್ಟರ್ ಜೀನ್ ಪರೀಕ್ಷೆ ಮಾಡಿಸಿ ಎಂದರು. ಸಿದ್ಧಾರ್ಥನಗರದ ನಮ್ಮ ಮನೆಯಲ್ಲೇ ರಕ್ತ ತೆಗೆದುಕೊಂಡು ಹೋದರು. ನಮ್ಮ ಮಣ್ಣಿನ ಬ್ಯಾಕ್ಟೀರಿಯಾದ ಹಾಗೆಯೇ ದೊಡ್ಡಮ್ಮನ ಟ್ಯೂಬೂ ಬೆಂಗಳೂರಿಗೆ ಹೋಯಿತು. ಬಿಆರ್‌ಸಿಎ1 ಜೀನ್‌ನಲ್ಲಿ ದೋಷವಿದೆ ಎಂದು ವರದಿ ಬಂತು. ಸ್ವಂತ ತಂಗಿಯಾದ ಅಮ್ಮನಲ್ಲಿ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅಮ್ಮನಲ್ಲಿದ್ದರೆ ನನಗೂ ಅರ್ಧಕ್ಕರ್ಧ. ಅಮ್ಮ ಇನ್ನೂ ಪರೀಕ್ಷೆ ಮಾಡಿಸಿಲ್ಲ. ಗೊತ್ತಾಗಿ ಏನು ಮಾಡಲಿ, ನಿನ್ನ ಮದುವೆಗೆ ತೊಂದರೆ ಎನ್ನುತ್ತಾಳೆ. ಗೊತ್ತಾದರೆ ಮುಂಚೆಯೇ ತಪಾಸಣೆ ಮಾಡಿಸಬಹುದು, ಬೇಕಾದರೆ ಅಂಡಾಶಯ ತೆಗೆಸಬಹುದು ಎಂದು ನಾನು. ಮನೆಯಲ್ಲಿ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ, ಯಾರೋ ಟಿವಿ ಹಾಕುತ್ತಾರೆ.

ರೊಸಾಲಿಂಡ್ ಹುಟ್ಟಿದ ಅಶ್ಕೆನಾಜಿ ಯಹೂದಿ ಸಮುದಾಯದಲ್ಲಿ ಸುಮಾರು 40 ಜನರಲ್ಲಿ ಒಬ್ಬರಿಗೆ ಬಿಆರ್‌ಸಿಎ ದೋಷ ಇರುತ್ತದೆ. ಬೇರೆಡೆಗಿಂತ ಇದು ಬಹಳ ಹೆಚ್ಚು. ಅವರಿಗೆ ಅದಿತ್ತೇ ಎಂದು ಯಾರೂ ಪರೀಕ್ಷಿಸಿಲ್ಲ. ವರ್ಷಗಟ್ಟಲೆ ಎಕ್ಸ್‌ರೇ ಪಕ್ಕದಲ್ಲಿ ಕೆಲಸ ಮಾಡಿದ್ದನ್ನೂ ಕೆಲವರು ಕಾರಣವಾಗಿ ಹೇಳುತ್ತಾರೆ. ಬಿಆರ್‌ಸಿಎ1 ಜೀನ್ ಪತ್ತೆಯಾದದ್ದೇ 1994ರಲ್ಲಿ. ಡಿಎನ್‌ಎ ಅಕ್ಷರಗಳನ್ನು ಓದುವ ಫ್ರೆಡ್ರಿಕ್ ಸ್ಯಾಂಗರ್ ಅವರ ವಿಧಾನ ಬಂದದ್ದು 1977ರಲ್ಲಿ. ಡಿಎನ್‌ಎಯನ್ನು ಅಷ್ಟು ಹತ್ತಿರದಿಂದ ನೋಡಿದ ರೊಸಾಲಿಂಡ್‌ಗೆ ತಮ್ಮದೇ ಡಿಎನ್‌ಎಯ ಒಂದು ಅಕ್ಷರವನ್ನೂ ಓದುವ ದಾರಿ ಇರಲಿಲ್ಲ. ನಮಗಿದೆ. ಇದನ್ನು ಅಮ್ಮನಿಗೆ ಹೇಳಿದ್ದೇನೆ. ಅವಳು ಯೋಚಿಸುತ್ತಿದ್ದಾಳೆ.

ಕೊನೆಯ ಒಂದೂವರೆ ವರ್ಷ ರೊಸಾಲಿಂಡ್ ಕೆಲಸ ನಿಲ್ಲಿಸಲಿಲ್ಲ. ಚಿಕಿತ್ಸೆಯ ನಡುವೆಯೇ ಸಂಶೋಧನಾ ಹಣಕ್ಕಾಗಿ ಅರ್ಜಿ ಬರೆದರು, ಪೋಲಿಯೊ ವೈರಸ್ ಮೇಲೆ ಕೆಲಸ ಶುರುಮಾಡಿದರು, ಬ್ರಸೆಲ್ಸ್ ವಿಶ್ವಮೇಳಕ್ಕಾಗಿ ತಂಬಾಕು ವೈರಸ್ಸಿನ ಆಳೆತ್ತರದ ಮಾದರಿ ಮಾಡಿಸಿದರು. 1958ರ ಏಪ್ರಿಲ್ 16ರಂದು ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 37. ಮೇಳ ಉದ್ಘಾಟನೆಯಾದದ್ದು ಮಾರನೆಯ ದಿನ. ಉಯಿಲಿನಲ್ಲಿ ಕ್ಲುಗ್ ಅವರಿಗೆ 3,000 ಪೌಂಡ್ ಮತ್ತು ತಮ್ಮ ಆಸ್ಟಿನ್ ಕಾರು ಬಿಟ್ಟುಹೋಗಿದ್ದರು. ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಬಂದದ್ದು 1962ರಲ್ಲಿ. ತೀರಿಕೊಂಡವರಿಗೆ ಅದನ್ನು ಕೊಡುವುದಿಲ್ಲ. 1968ರ ತಮ್ಮ ಪುಸ್ತಕದಲ್ಲಿ ವಾಟ್ಸನ್ ರೊಸಾಲಿಂಡ್ ಅವರನ್ನು ಸಿಡುಕಿನ, ಅಲಂಕಾರ ಗೊತ್ತಿಲ್ಲದ ಹೆಂಗಸು ಎಂಬಂತೆ ಚಿತ್ರಿಸಿದರು. ಉತ್ತರ ಕೊಡಲು ಅವರಿರಲಿಲ್ಲ. ಗೆಳತಿ ಆನ್ ಸೇಯರ್ 1975ರಲ್ಲಿ ಜೀವನಚರಿತ್ರೆ ಬರೆದು ಉತ್ತರ ಕೊಟ್ಟರು. ಕ್ಲುಗ್ ರೊಸಾಲಿಂಡ್ ಅವರ ನೋಟ್‌ಬುಕ್‌ಗಳನ್ನು ಹುಡುಕಿ, ಅವರು ಎಲ್ಲಿಯವರೆಗೆ ತಲುಪಿದ್ದರು ಎಂದು ತೋರಿಸಿದರು. 1982ರಲ್ಲಿ ಕ್ಲುಗ್ ಅವರಿಗೂ ನೊಬೆಲ್ ಬಂತು.

ಲಂಡನ್ನಿನ ವಿಲ್ಸ್‌ಡೆನ್ ಯಹೂದಿ ಸ್ಮಶಾನದಲ್ಲಿ ರೊಸಾಲಿಂಡ್ ಸಮಾಧಿ ಇದೆ. ಕಲ್ಲಿನ ಮೇಲೆ ಅವರನ್ನು ವಿಜ್ಞಾನಿ ಎಂದು ಕರೆದು, ವೈರಸ್‌ಗಳ ಮೇಲಿನ ಸಂಶೋಧನೆಯನ್ನು ನೆನೆಯಲಾಗಿದೆ. ಡಿಎನ್‌ಎ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.